ಯುರೋಪಿನ ಆಶ್ರಯ ನೀತಿ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಪೇಪರಿನ ವಿದೇಶ ಪುಟದಲ್ಲಿ ಈ ಸುದ್ದಿ ಬಂದೇ ಬರುತ್ತದೆ. ಮೆಡಿಟರೇನಿಯನ್‌ನಲ್ಲಿ ದೋಣಿ ಮುಳುಗಿತು, ಯಾವುದೋ ದೇಶ ಗಡಿ ಮುಚ್ಚಿತು, ಇನ್ಯಾವುದೋ ದೇಶದಲ್ಲಿ ಸರ್ಕಾರವೇ ಬಿತ್ತು. ಹಿಂದಿನ ಕತೆ ಗೊತ್ತಿಲ್ಲದಿದ್ದರೆ ಇದರ ತಲೆಬುಡ ಅರ್ಥವಾಗುವುದಿಲ್ಲ. ಹಾಗಾಗಿ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನನ್ನ ಅಭಿಪ್ರಾಯವನ್ನೂ ಮುಚ್ಚಿಟ್ಟಿಲ್ಲ.

ಜಗಳ ಯಾತಕ್ಕೆ? ಎರಡು ಮಾತಿನಲ್ಲಿ ಹೇಳಿ.

ಯುರೋಪಿಯನ್ ಯೂನಿಯನ್‌ನ 27 ದೇಶಗಳ ಪೈಕಿ ಹೆಚ್ಚಿನವುಗಳ ನಡುವೆ ಗಡಿ ತಪಾಸಣೆ ಇಲ್ಲ. ಹೊರಗಿನ ಗಡಿ ಮಾತ್ರ ಎಲ್ಲರಿಗೂ ಒಂದೇ. ಆ ಹೊರಗಡಿಗೆ ಬಂದು ‘ನನ್ನ ಜೀವಕ್ಕೆ ಅಪಾಯ ಇದೆ, ಆಶ್ರಯ ಕೊಡಿ’ ಅಂತ ಕೇಳಿದವನ ಅರ್ಜಿಯನ್ನು ಯಾರು ನೋಡಬೇಕು? ಅವನಿಗೆ ಜಾಗ, ಊಟ, ಶಾಲೆ, ಆಸ್ಪತ್ರೆ ಯಾರು ಒದಗಿಸಬೇಕು? ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿರುವ ಜಗಳ ಇಷ್ಟೇ.

ನಿರಾಶ್ರಿತರು, ವಲಸಿಗರು ಎಲ್ಲಾ ಒಂದೇ ಅಲ್ವಾ?

ಕಾನೂನಿನ ಪ್ರಕಾರ ಅಲ್ಲ. 1951ರ ಜಿನೀವಾ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ನಿಲುವು ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳದ ಭಯ ಇದ್ದು ದೇಶ ಬಿಟ್ಟವರು ನಿರಾಶ್ರಿತರು. ಕೆಲಸ ಹುಡುಕಿ ಬಂದವರು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ದೋಣಿಯಿಂದ ಇಳಿದವರಲ್ಲಿ ಯಾರು ಯಾರು ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಅರ್ಜಿ, ಸಂದರ್ಶನ, ಮೇಲ್ಮನವಿ ಎಲ್ಲಾ ಇರುವುದು. ಅಪಾಯ ಇರುವ ಜಾಗಕ್ಕೆ ಯಾರನ್ನೂ ವಾಪಸ್ ತಳ್ಳಬಾರದು ಎನ್ನುವುದು ಆ ಒಪ್ಪಂದದ ಜೀವಾಳ.

‘ಡಬ್ಲಿನ್ ನಿಯಮ’ ಅಂದರೇನು?

1990ರಲ್ಲಿ ಡಬ್ಲಿನ್‌ನಲ್ಲಿ ಸಹಿಯಾದ ಒಪ್ಪಂದ. 1997ರಲ್ಲಿ ಜಾರಿಗೆ ಬಂತು, 2003ರಲ್ಲಿ ಮತ್ತು 2013ರಲ್ಲಿ ಹೊಸ ರೂಪ ಪಡೆಯಿತು. ಒಬ್ಬರ ಅರ್ಜಿಯನ್ನು ಒಂದೇ ದೇಶ ನೋಡಬೇಕು, ಆ ದೇಶ ಯಾವುದು ಅಂತ ಮೊದಲೇ ತೀರ್ಮಾನವಾಗಬೇಕು ಎನ್ನುವುದು ಇದರ ಉದ್ದೇಶ. ಕಾಗದದ ಮೇಲೆ ಮೊದಲು ನೋಡಬೇಕಾದದ್ದು ಕುಟುಂಬ ಎಲ್ಲಿದೆ ಅಂತ. ಆಮೇಲೆ ವೀಸಾ ಕೊಟ್ಟ ದೇಶ ಯಾವುದು ಅಂತ. ಕೊನೆಗೆ, ಅನುಮತಿ ಇಲ್ಲದೆ ಮೊದಲು ಕಾಲಿಟ್ಟ ದೇಶ ಯಾವುದು ಅಂತ. ನಡೆಯುವುದು ಮಾತ್ರ ಬಹುಪಾಲು ಆ ಕೊನೆಯದರ ಸುತ್ತಲೇ.

ನಕ್ಷೆ ತೆಗೆದು ನೋಡಿ. ಲಿಬಿಯಾದಿಂದ ಹೊರಟ ದೋಣಿ ಇಟಲಿಯ ಲ್ಯಾಂಪೆಡುಸಾಕ್ಕೋ ಮಾಲ್ಟಾಕ್ಕೋ ಬರುತ್ತದೆ. ಟರ್ಕಿಯಿಂದ ಹೊರಟದ್ದು ಗ್ರೀಸಿನ ಲೆಸ್ಬೋಸ್‌ಗೆ ಬರುತ್ತದೆ. ಆಸ್ಟ್ರಿಯಾಕ್ಕೆ ಸಮುದ್ರವೇ ಇಲ್ಲ. ಹಾಗಾಗಿ ಇಡೀ ಯುರೋಪಿನ ಹೊಣೆ ನಾಲ್ಕೈದು ದೇಶಗಳ ತಲೆ ಮೇಲೆ ಬೀಳುತ್ತದೆ. ಅವರೋ, ಬಂದವರನ್ನು ಸರಿಯಾಗಿ ನೋಂದಾಯಿಸದೆ ಉತ್ತರದ ರೈಲು ಹತ್ತಲು ಬಿಟ್ಟ ಕಾಲವೂ ಇತ್ತು. ಉತ್ತರದವರು ‘ನೀವು ನಿಯಮ ಪಾಲಿಸುತ್ತಿಲ್ಲ’ ಅಂದರು. ದಕ್ಷಿಣದವರು ‘ನೀವು ಪಾಲು ತಗೋತಿಲ್ಲ’ ಅಂದರು. ಇಬ್ಬರ ಮಾತಲ್ಲೂ ನಿಜ ಇತ್ತು.

ಬೆರಳಚ್ಚಿನ ವಿಷಯ ಯಾಕೆ ಅಷ್ಟು ಬರುತ್ತದೆ?

ಯಾಕೆಂದರೆ ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಯೂರೋಡ್ಯಾಕ್ ಅಂತ ಒಂದು ಬೆರಳಚ್ಚು ದಾಖಲೆ 2003ರಿಂದ ಇದೆ. ಆಶ್ರಯ ಕೇಳಿದವರ ಮತ್ತು ಗಡಿಯಲ್ಲಿ ಸಿಕ್ಕವರ ಹತ್ತೂ ಬೆರಳು ಅದರಲ್ಲಿ ಸೇರುತ್ತದೆ. ದಾಖಲೆಯ ಸಂಖ್ಯೆ ದೇಶದ ಅಕ್ಷರಗಳಿಂದ ಶುರುವಾಗುತ್ತದೆ, ಪಕ್ಕದಲ್ಲಿ ಒಂದು ಅಂಕಿ. 1 ಇದ್ದರೆ ಅಲ್ಲಿ ಆಶ್ರಯ ಕೇಳಿದ್ದಾನೆ. 2 ಇದ್ದರೆ ಅಲ್ಲಿ ಗಡಿ ದಾಟುವಾಗ ಸಿಕ್ಕಿದ್ದಾನೆ. ಇಟಲಿಯಲ್ಲಿ ಬೆರಳು ಒತ್ತಿದವನು ತಿಂಗಳುಗಟ್ಟಲೆ ಅಲೆದು ಜರ್ಮನಿ ತಲುಪುತ್ತಾನೆ ಅಂದುಕೊಳ್ಳಿ. ಅಲ್ಲಿನ ಯಂತ್ರದ ಮೇಲೆ ಬೆರಳಿಟ್ಟ ಕೂಡಲೇ ಇಟಲಿ ಅಂತ ಬರುತ್ತದೆ. ಅಣ್ಣ ಹ್ಯಾಂಬರ್ಗ್‌ನಲ್ಲಿದ್ದಾನೆ, ಭಾಷೆ ಸ್ವಲ್ಪ ಬರುತ್ತದೆ, ಕೆಲಸ ಕೊಡುವವರೂ ಇದ್ದಾರೆ ಅನ್ನುವುದೆಲ್ಲ ಆಮೇಲಿನ ಮಾತು. ಇದರಿಂದ ತಪ್ಪಿಸಿಕೊಳ್ಳಲು ಬೆರಳ ತುದಿ ಸುಟ್ಟುಕೊಂಡವರಿದ್ದಾರೆ. ಓದುವಾಗಲೇ ಮೈ ಜುಂ ಅನ್ನುತ್ತದೆ.

ವಾಪಸ್ ಕಳಿಸುವುದಕ್ಕೂ ಗಡುವು ಉಂಟು. 2013ರ ನಿಯಮದಲ್ಲಿ ಆ ದೇಶ ಒಪ್ಪಿದ ಆರು ತಿಂಗಳೊಳಗೆ ಕಳಿಸಬೇಕು, ತಲೆ ಮರೆಸಿಕೊಂಡರೆ 18 ತಿಂಗಳು. ಗಡುವು ಮುಗಿದರೆ ಹೊಣೆ ಈಗಿರುವ ದೇಶದ್ದೇ. ಜರ್ಮನಿಯಲ್ಲಿ ಕೆಲವು ಚರ್ಚ್‌ಗಳು ಇಂಥವರನ್ನು ಒಳಗೆ ಉಳಿಸಿಕೊಂಡು ಆ ಆರು ತಿಂಗಳು ದಾಟಿಸುತ್ತವೆ. ಪೊಲೀಸರು ಸಾಮಾನ್ಯವಾಗಿ ಚರ್ಚ್ ಒಳಗೆ ನುಗ್ಗುವುದಿಲ್ಲ. 2024ರಲ್ಲಿ ಒಪ್ಪಿದ ಹೊಸ ಕಾನೂನಿನಲ್ಲಿ (ಅದರ ವಿಷಯ ಮುಂದೆ ಇದೆ) ತಲೆ ಮರೆಸಿಕೊಂಡವರ ಗಡುವನ್ನು ಮೂರು ವರ್ಷಕ್ಕೆ ಏರಿಸಿದ್ದಾರೆ.

ಹಾಗೆ ವಾಪಸ್ ಕಳಿಸಿದವರಿಗೆ ಏನಾಗುತ್ತದೆ?

ದೇಶದಿಂದ ದೇಶಕ್ಕೆ ತುಂಬಾ ವ್ಯತ್ಯಾಸ ಇದೆ. ಒಬ್ಬ ಅಫ್ಘಾನ್ ವ್ಯಕ್ತಿ ಗ್ರೀಸ್ ಮೂಲಕ ಬೆಲ್ಜಿಯಂಗೆ ಬಂದು ಆಶ್ರಯ ಕೇಳಿದ. ಬೆಲ್ಜಿಯಂ ಅವನನ್ನು ಗ್ರೀಸಿಗೆ ಕಳಿಸಿತು. ಅಲ್ಲಿ ವಿಮಾನ ನಿಲ್ದಾಣದ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದರು. ಬಿಟ್ಟ ಮೇಲೆ ಅಥೆನ್ಸ್‌ನ ಪಾರ್ಕಿನಲ್ಲಿ ಮಲಗಿ ದಿನ ಕಳೆದ. 2011ರ ಜನವರಿಯಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಎರಡೂ ದೇಶ ತಪ್ಪು ಮಾಡಿವೆ ಅಂತ ತೀರ್ಪು ಕೊಟ್ಟಿತು. ಹಾಗೆ ನಡೆಸಿಕೊಂಡ ಗ್ರೀಸ್ ಮಾತ್ರ ಅಲ್ಲ, ಗೊತ್ತಿದ್ದೂ ಕಳಿಸಿದ ಬೆಲ್ಜಿಯಂ ಕೂಡ ತಪ್ಪಿತಸ್ಥ ಅಂದಿತು. ಆಮೇಲೆ ವರ್ಷಗಟ್ಟಲೆ ಗ್ರೀಸಿಗೆ ಕಳಿಸುವುದು ಹೆಚ್ಚುಕಡಿಮೆ ನಿಂತೇ ಹೋಯಿತು.

ಅರ್ಜಿಯ ಫಲಿತಾಂಶವೂ ಹಾಗೇ. 2016-17ರ ಸುಮಾರಿಗೆ ಅಫ್ಘಾನಿಸ್ತಾನದವರ ಅರ್ಜಿಗಳಿಗೆ ಇಟಲಿಯಲ್ಲಿ ಬಹುಪಾಲು ಒಪ್ಪಿಗೆ ಸಿಗುತ್ತಿತ್ತು, ಬಲ್ಗೇರಿಯಾದಲ್ಲಿ ಬಹುಪಾಲು ತಿರಸ್ಕಾರ. ಅದೇ ಯುದ್ಧ, ಅದೇ ಭಯ. ಇದು ಲಾಟರಿ ಅಂತ ವಕೀಲರು ಹೇಳುತ್ತಿದ್ದುದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

2015ರಲ್ಲಿ ಏನಾಯಿತು?

ಸಿರಿಯಾದ ಯುದ್ಧದಿಂದ ಓಡಿಬಂದವರು, ಅಫ್ಘಾನರು, ಇರಾಕಿಗಳು ಸೇರಿ ಆ ಒಂದು ವರ್ಷ 10 ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಯುರೋಪಿಗೆ ಬಂದರು. ಹೆಚ್ಚಿನವರು ಟರ್ಕಿಯಿಂದ ಗ್ರೀಸಿಗೆ. ಆಗಸ್ಟ್ 31ರಂದು ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ‘ನಮ್ಮಿಂದ ಇದು ಆಗುತ್ತದೆ’ ಅಂದರು. ಹಂಗೇರಿಯ ಪ್ರಧಾನಿ ವಿಕ್ಟರ್ ಓರ್ಬಾನ್ ಸರ್ಬಿಯಾ ಗಡಿಗೆ ಬೇಲಿ ಹಾಕಿಸಿದರು. ಇವತ್ತಿನ ಎರಡೂ ಪಾಳಯಗಳು ಆ ಬೇಸಿಗೆಯಲ್ಲೇ ಗಟ್ಟಿಯಾದವು.

ಆಗ ಪಾಲು ಹಂಚಿಕೊಳ್ಳಲು ಪ್ರಯತ್ನ ಮಾಡಲಿಲ್ಲವೇ?

ಮಾಡಿದರು. ಇಟಲಿ ಮತ್ತು ಗ್ರೀಸ್‌ನಿಂದ 1,60,000 ಜನರನ್ನು ಬೇರೆ ದೇಶಗಳಿಗೆ ಹಂಚಬೇಕು ಅಂತ 2015ರ ಸೆಪ್ಟೆಂಬರ್‌ನಲ್ಲಿ ತೀರ್ಮಾನವಾಯಿತು. ಇದರ ದೊಡ್ಡ ಭಾಗಕ್ಕೆ, ಅಂದರೆ 1,20,000 ಜನರ ಹಂಚಿಕೆಗೆ, ಹಂಗೇರಿ, ಸ್ಲೊವಾಕಿಯಾ, ಚೆಕ್ ಗಣರಾಜ್ಯ, ರೊಮೇನಿಯಾ ವಿರುದ್ಧವಾಗಿ ಮತ ಹಾಕಿದವು. ಆದರೂ ಬಹುಮತದಿಂದ ಪಾಸಾಯಿತು. ನನ್ನ ಪ್ರಕಾರ ಗಾಯ ಶುರುವಾದದ್ದು ಅಲ್ಲೇ. ಕಾನೂನಿನ ದೃಷ್ಟಿಯಿಂದ ಬಹುಮತ ಸರಿ ಇತ್ತು. 2017ರಲ್ಲಿ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ಯೂನಿಯನ್‌ನ ನ್ಯಾಯಾಲಯವೂ ಅದನ್ನೇ ಹೇಳಿತು. ಆದರೆ ಒಲ್ಲದವರ ಮೇಲೆ ಹೇರಿದ್ದಾರೆ ಎನ್ನುವ ಮಾತು ಮಧ್ಯ ಯುರೋಪಿನ ಪ್ರತಿ ಚುನಾವಣೆಯಲ್ಲೂ ಬಂಡವಾಳವಾಯಿತು. 2016ರಲ್ಲಿ ಹಂಗೇರಿಯಲ್ಲಿ ಜನಮತಗಣನೆ ಮಾಡಿಸಿದರು. ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಂಚಿಕೆ ಬೇಡ ಅಂದರು, ಆದರೆ ಅರ್ಧಕ್ಕಿಂತ ಹೆಚ್ಚು ಜನ ಮತಗಟ್ಟೆಗೇ ಬರದೆ ಅದು ಅಸಿಂಧುವಾಯಿತು.

ಕೊನೆಗೆ ಸ್ಥಳಾಂತರವಾದವರು ಸುಮಾರು 35,000 ಮಂದಿ. ಪೋಲೆಂಡ್, ಹಂಗೇರಿ, ಚೆಕ್ ಗಣರಾಜ್ಯ ಕಾನೂನು ಮುರಿದಿವೆ ಅಂತ 2020ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಅಷ್ಟರಲ್ಲಿ ಯೋಜನೆಯೇ ಮುಗಿದಿತ್ತು.

ಹಡಗುಗಳನ್ನು ಬಂದರಿಗೆ ಬಿಡುತ್ತಿಲ್ಲ ಅಂತ ಓದಿದ ನೆನಪು. ಅದೇನು?

2018ರ ಜೂನ್‌ನಲ್ಲಿ ಅಕ್ವೇರಿಯಸ್ ಎನ್ನುವ ರಕ್ಷಣಾ ಹಡಗು 629 ಜನರನ್ನು ಹತ್ತಿಸಿಕೊಂಡಿತ್ತು. ಇಟಲಿಯ ಗೃಹ ಸಚಿವ ಮಟೇಯೋ ಸಾಲ್ವಿನಿ ನಮ್ಮ ಬಂದರು ಕೊಡುವುದಿಲ್ಲ ಅಂದರು. ಮಾಲ್ಟಾವೂ ಕೊಡಲಿಲ್ಲ. ಗರ್ಭಿಣಿಯರು, ಜೊತೆಗೆ ದೊಡ್ಡವರಿಲ್ಲದ ಮಕ್ಕಳು ಎಲ್ಲಾ ಅದರಲ್ಲಿದ್ದರು. ಕೊನೆಗೆ ಸ್ಪೇನ್ ಒಪ್ಪಿಕೊಂಡಿತು. ಬಂದರುಗಳು ಹತ್ತಿರದಲ್ಲೇ ಇದ್ದರೂ ಪಶ್ಚಿಮಕ್ಕೆ ದಿನಗಟ್ಟಲೆ ಹೋಗಿ ವಲೆನ್ಸಿಯಾದಲ್ಲಿ ಇಳಿಸಬೇಕಾಯಿತು. ಆಮೇಲೆ ಹಲವು ಹಡಗುಗಳಿಗೆ ಇದೇ ಗತಿಯಾಯಿತು. ಒಂದೊಂದು ಹಡಗಿಗೂ ಐದಾರು ದೇಶಗಳು ಫೋನಿನಲ್ಲಿ ‘ನೀನೆಷ್ಟು, ನಾನೆಷ್ಟು’ ಅಂತ ಚೌಕಾಸಿ ಮಾಡುವುದು, ಅಷ್ಟೂ ಹೊತ್ತು ಜನ ಡೆಕ್ಕಿನ ಮೇಲೆ ಬಿಸಿಲಲ್ಲಿ ಕೂತಿರುವುದು.

2014ರಿಂದ ಈಚೆಗೆ ಮೆಡಿಟರೇನಿಯನ್‌ನಲ್ಲಿ ಸತ್ತವರು ಮತ್ತು ಕಾಣೆಯಾದವರು 30 ಸಾವಿರಕ್ಕೂ ಜಾಸ್ತಿ. 2023ರ ಜೂನ್‌ನಲ್ಲಿ ಗ್ರೀಸಿನ ಪೈಲೋಸ್ ಹತ್ತಿರ ಮುಳುಗಿದ ಒಂದೇ ದೋಣಿಯಲ್ಲಿ 750ರಷ್ಟು ಜನ ಇದ್ದರು ಅಂತ ಅಂದಾಜು. ಬದುಕಿದವರು 104. ನೀತಿ, ನಿಯಮ ಅಂತ ಮಾತಾಡುವಾಗ ಈ ಲೆಕ್ಕವನ್ನು ಪಕ್ಕಕ್ಕಿಟ್ಟು ಮಾತಾಡಬಾರದು.

2024ರ ಹೊಸ ಒಪ್ಪಂದದಲ್ಲಿ ಏನಿದೆ?

2020ರ ಸೆಪ್ಟೆಂಬರ್‌ನಲ್ಲಿ ಲೆಸ್ಬೋಸ್‌ನ ಮೋರಿಯಾ ಶಿಬಿರ ಸುಟ್ಟುಹೋಯಿತು. ಸುಮಾರು 3 ಸಾವಿರ ಜನಕ್ಕೆ ಕಟ್ಟಿದ ಜಾಗದಲ್ಲಿ 12 ಸಾವಿರಕ್ಕೂ ಹೆಚ್ಚು ಜನ ಇದ್ದರು. ಅದಾಗಿ ಎರಡು ವಾರದಲ್ಲಿ ಯುರೋಪಿಯನ್ ಕಮಿಷನ್ (ಯೂನಿಯನ್‌ನ ಕಾರ್ಯಾಂಗ) ಹೊಸ ಪ್ರಸ್ತಾವ ಇಟ್ಟಿತು. ಎಳೆದಾಡಿ, ಜಗ್ಗಾಡಿ, 2023ರ ಡಿಸೆಂಬರ್‌ನಲ್ಲಿ ರಾಜಿ ಕುದುರಿತು. 2024ರ ಏಪ್ರಿಲ್ 10ರಂದು ಯುರೋಪಿಯನ್ ಸಂಸತ್ತು, ಮೇ 14ರಂದು ಮಂತ್ರಿಗಳ ಮಂಡಳಿ ಒಪ್ಪಿದವು. ತಯಾರಿಗೆ ಎರಡು ವರ್ಷ ಕೊಟ್ಟು, 2026ರ ಬೇಸಿಗೆಯಿಂದ ಅನ್ವಯ ಅಂತ ಬರೆದರು. ಒಟ್ಟು ಹತ್ತು ಕಾನೂನು. ಮುಖ್ಯವಾದದ್ದು ಇಷ್ಟು:

ಗಡಿಯಲ್ಲಿ ಸಿಕ್ಕವರ ಗುರುತು, ಆರೋಗ್ಯ, ಭದ್ರತೆಯ ತಪಾಸಣೆ ಏಳು ದಿನದಲ್ಲಿ ಮುಗಿಯಬೇಕು. ಬೆರಳಚ್ಚು ತಗೊಳ್ಳುವ ವಯಸ್ಸು 14ರಿಂದ 6ಕ್ಕೆ ಇಳಿದಿದೆ.

ಯಾವ ದೇಶದವರ ಅರ್ಜಿಗಳಲ್ಲಿ ಒಪ್ಪಿಗೆ ಸಿಗುವುದು ಶೇ 20 ಅಥವಾ ಅದಕ್ಕಿಂತ ಕಡಿಮೆಯೋ ಅಂಥವರ ಅರ್ಜಿಯನ್ನು ಗಡಿಯಲ್ಲೇ, 12 ವಾರದಲ್ಲಿ ಇತ್ಯರ್ಥ ಮಾಡಬೇಕು. ಅಲ್ಲಿಯವರೆಗೆ ಅವರು ಕಾನೂನಿನ ಕಣ್ಣಲ್ಲಿ ಯುರೋಪಿಗೆ ಬಂದೇ ಇಲ್ಲ. ಕಾಲು ಇಟಲಿಯ ನೆಲದ ಮೇಲಿರುತ್ತದೆ, ಕಾಗದದಲ್ಲಿ ಮನುಷ್ಯ ಹೊರಗಿರುತ್ತಾನೆ.

ಹಂಚಿಕೆಗೆ ಬಂದರೆ, ಎಲ್ಲಾ ದೇಶವೂ ಏನಾದರೂ ಮಾಡಲೇಬೇಕು, ಆದರೆ ಏನು ಅನ್ನುವುದು ಅವರವರ ಆಯ್ಕೆ. ಜನರನ್ನು ಕರೆಸಿಕೊಳ್ಳಬಹುದು. ಬೇಡ ಅಂದರೆ ಒಬ್ಬರಿಗೆ 20,000 ಯೂರೋ ಲೆಕ್ಕದಲ್ಲಿ ದುಡ್ಡು ಕೊಡಬಹುದು. ಅಥವಾ ಸಿಬ್ಬಂದಿ, ಸಲಕರಣೆ ಕಳಿಸಬಹುದು. ವರ್ಷಕ್ಕೆ 30,000 ಜನ ಎನ್ನುವುದು ಕಾನೂನಿನಲ್ಲಿ ಬರೆದ ಕನಿಷ್ಠ ಗುರಿ.

ಮೊದಲು ಕಾಲಿಟ್ಟ ದೇಶವೇ ಹೊಣೆ ಎನ್ನುವ ಹಳೇ ನಿಯಮ ಮಾತ್ರ ಹಾಗೇ ಉಳಿದಿದೆ. ಹೊಣೆಯ ಅವಧಿ ಇನ್ನೂ ಉದ್ದವಾಗಿದೆ. ನನಗೆ ತುಂಬಾ ಬೇಸರವಾದದ್ದು ಇದಕ್ಕೇ. ರೋಗ ಎಲ್ಲಿದೆ ಅಂತ ಮೂವತ್ತು ವರ್ಷ ಎಲ್ಲರೂ ಹೇಳಿದರು, ಕೊನೆಗೆ ಅಲ್ಲಿಗೆ ಯಾರೂ ಕೈ ಹಾಕಲಿಲ್ಲ.

ಎಡದವರೂ ಬಲದವರೂ ಇಬ್ಬರೂ ವಿರೋಧ ಮಾಡಿದ್ದು ಯಾಕೆ?

ಏಪ್ರಿಲ್ 10ರ ಮತದಾನದ ಹೊತ್ತಿಗೆ ಬ್ರಸೆಲ್ಸ್‌ನ ಸಂಸತ್ತಿನ ಗ್ಯಾಲರಿಯಿಂದ ಕೆಲವರು ‘ಈ ಒಪ್ಪಂದ ಕೊಲ್ಲುತ್ತದೆ, ಬೇಡ ಅನ್ನಿ’ ಅಂತ ಕೂಗುತ್ತಾ ಕಾಗದದ ವಿಮಾನಗಳನ್ನು ಕೆಳಗೆ ಬಿಟ್ಟರು. ಕಲಾಪ ಸ್ವಲ್ಪ ಹೊತ್ತು ನಿಂತಿತು. ಮುಖ್ಯ ಕಾನೂನಿಗೆ 322 ಪರ, 266 ವಿರುದ್ಧ ಮತ ಬಿದ್ದವು.

ವಿರುದ್ಧ ಇದ್ದವರಲ್ಲಿ ಫ್ರಾನ್ಸಿನ ಮರೀನ್ ಲೆ ಪೆನ್ ಪಕ್ಷ, ಓರ್ಬಾನ್ ಪಕ್ಷದಂಥವರು ಇದ್ದರು. ಅವರಿಗೆ ಇದು ಬ್ರಸೆಲ್ಸ್ ನಮ್ಮ ಮೇಲೆ ಜನರನ್ನು ಹೇರುವ ಹುನ್ನಾರ. ಹಸಿರು ಪಕ್ಷದವರು, ಎಡಪಂಥೀಯರು, ಆಮ್ನೆಸ್ಟಿಯಂಥ ಮಾನವ ಹಕ್ಕು ಸಂಘಟನೆಗಳಿಗೆ ಇದು ಮಕ್ಕಳಿರುವ ಕುಟುಂಬಗಳನ್ನೂ ಗಡಿಯಲ್ಲಿ ಕೂಡಿಹಾಕುವ ಕಾನೂನು. ಮೊದಲನೆಯವರ ತಕರಾರು ಕೇಳುವಂಥದ್ದಲ್ಲ, ಆದರೆ ಎರಡನೆಯವರದ್ದು ಕೇಳಲೇಬೇಕಾದದ್ದು. 12 ವಾರದೊಳಗೆ, ಊರಿನಿಂದ ದೂರದ ಶಿಬಿರದಲ್ಲಿ, ಭಾಷೆ ಬಾರದವನಿಗೆ ಒಳ್ಳೆ ವಕೀಲ ಸಿಗುವುದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ.

ಪರ ಇದ್ದ ಮಧ್ಯದವರ ವಾದವನ್ನೂ ಹೇಳಬೇಕು. ಒಂದು ಕೆಲಸ ಮಾಡುವ ವ್ಯವಸ್ಥೆ ತೋರಿಸದಿದ್ದರೆ ಜನ ಪೂರಾ ಬಾಗಿಲು ಮುಚ್ಚುವವರಿಗೇ ಮತ ಹಾಕುತ್ತಾರೆ ಅಂತ ಅವರ ಭಯ. ಅದು ಸುಮ್ನೆ ಹುಟ್ಟಿದ ಭಯ ಅಲ್ಲ.

ಉಕ್ರೇನಿನವರಿಗೆ ಮಾತ್ರ ಬೇರೆ ನಿಯಮ ಯಾಕೆ?

2001ರಲ್ಲೇ ಬರೆದಿಟ್ಟಿದ್ದ ತಾತ್ಕಾಲಿಕ ರಕ್ಷಣೆಯ ಕಾನೂನನ್ನು 2022ರ ಮಾರ್ಚ್ 4ರಂದು ಮೊದಲ ಸಲ ಬಳಸಿದರು. ಅರ್ಜಿ, ಸಂದರ್ಶನ, ಕಾಯುವುದು ಯಾವುದೂ ಇಲ್ಲ. ಬೇಕಾದ ದೇಶಕ್ಕೆ ಹೋಗಬಹುದು, ಕೆಲಸ ಮಾಡಬಹುದು, ಮಕ್ಕಳನ್ನು ಶಾಲೆಗೆ ಹಾಕಬಹುದು. 40 ಲಕ್ಷಕ್ಕೂ ಹೆಚ್ಚು ಜನ ಹೀಗೆ ನೆಲೆ ಕಂಡರು. 2015ರ ಹಂಚಿಕೆಯ ಕೆಲವೇ ಸಾವಿರ ಜನರನ್ನು ಬೇಡ ಅಂದಿದ್ದ ಪೋಲೆಂಡಿನಲ್ಲಿ ಜನ ತಮ್ಮ ಮನೆಗಳ ಬಾಗಿಲನ್ನೇ ತೆರೆದರು.

ಬಣ್ಣ, ಧರ್ಮದ ಭೇದ ಇದರಲ್ಲಿ ಇತ್ತೇ? ಇತ್ತು ಅಂತಲೇ ನನ್ನ ನಂಬಿಕೆ. ಅದೇ ಪೋಲೆಂಡಿನ ಬೆಲಾರುಸ್ ಗಡಿಯಲ್ಲಿ ಕೆಲವೇ ತಿಂಗಳ ಹಿಂದೆ ಇರಾಕಿನ ಕುರ್ದರು, ಸಿರಿಯನ್ನರು ಚಳಿಯ ಕಾಡಿನಲ್ಲಿ ಸಿಕ್ಕಿಬಿದ್ದಿದ್ದರು. ನಿಜ, ಅವರನ್ನು ಅಲ್ಲಿಗೆ ತಂದು ಬಿಟ್ಟಿದ್ದು ಬೆಲಾರುಸ್‌ನ ಲುಕಾಶೆಂಕೊ ಸರ್ಕಾರದ ತಂತ್ರ. ಆದರೆ ಚಳಿಗೆ ಸತ್ತವರು ಯಾವ ತಂತ್ರವನ್ನೂ ಹೂಡಿರಲಿಲ್ಲ. ಉಕ್ರೇನಿನಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ಕರ್ನಾಟಕದ ಮಕ್ಕಳೂ ಆ ಮಾರ್ಚ್‌ನಲ್ಲಿ ಗಡಿಗಳಲ್ಲಿ ಗಂಟೆಗಟ್ಟಲೆ ನಿಂತು ದಾಟಿದ್ದು ನೆನಪಿರಬಹುದು. ಓದಲು ಹೋದ ವಿದೇಶಿಯರಿಗೆ ಈ ರಕ್ಷಣೆ ಸಾಮಾನ್ಯವಾಗಿ ಅನ್ವಯಿಸಲಿಲ್ಲ.

ಭೇದದ ಮಾತು ಬಿಟ್ಟು ನೋಡಿದರೂ ಇಲ್ಲಿ ಕಲಿಯುವುದಿದೆ. ಬಂದವರು ತಮ್ಮವರು ಇರುವ ಕಡೆ ಹೋಗಲು ಬಿಟ್ಟರು, ಮೊದಲ ದಿನದಿಂದ ದುಡಿಯಲು ಬಿಟ್ಟರು. ಮನೆ ಬಾಡಿಗೆ, ಶಾಲೆಯ ಸೀಟು ಎಲ್ಲದಕ್ಕೂ ಒತ್ತಡ ಬಿತ್ತು, ಆದರೂ ವ್ಯವಸ್ಥೆ ಕುಸಿಯಲಿಲ್ಲ.

ಹಂಚಿಕೆ ಜಗಳ ದೇಶದೊಳಗೂ ಇದೆಯಂತೆ?

ನೆದರ್ಲ್ಯಾಂಡ್ಸ್ ನೋಡಿ. ಹೊಸದಾಗಿ ಬಂದವರೆಲ್ಲ ಟೆರ್ ಆಪೆಲ್ ಎನ್ನುವ ಸಣ್ಣ ಊರಿನ ಕೇಂದ್ರಕ್ಕೆ ಹೋಗಿ ಹೆಸರು ಬರೆಸಬೇಕು. 2022ರ ಆಗಸ್ಟ್‌ನಲ್ಲಿ ಅಲ್ಲಿ ಜಾಗ ಸಾಲದೆ ನೂರಾರು ಜನ ಹೊರಗೆ ಹುಲ್ಲಿನ ಮೇಲೆ ಮಲಗಿದರು. ಗಡಿಯಿಲ್ಲದ ವೈದ್ಯರ ಸಂಸ್ಥೆ ಮೊದಲ ಸಲ ಆ ಶ್ರೀಮಂತ ದೇಶದೊಳಗೆ ಕೆಲಸಕ್ಕೆ ಇಳಿಯಬೇಕಾಯಿತು. ಉಳಿದ ಊರುಗಳು ಕೇಂದ್ರ ತೆರೆಯಲು ಒಪ್ಪುತ್ತಿರಲಿಲ್ಲ. ಎಲ್ಲಾ ಪುರಸಭೆಗಳೂ ಪಾಲು ತಗೊಳ್ಳಬೇಕು ಅಂತ 2024ರ ಫೆಬ್ರವರಿಯಲ್ಲಿ ಕಾನೂನು ಬಂತು. ಅದರ ಮೇಲೂ ಜಗಳ. 2023ರ ಜುಲೈನಲ್ಲಿ ರುಟ್ಟೆ ಸರ್ಕಾರ, 2025ರ ಜೂನ್‌ನಲ್ಲಿ ಸ್ಖೂಫ್ ಸರ್ಕಾರ, ಎರಡೂ ಬಿದ್ದಿದ್ದು ಆಶ್ರಯ ನೀತಿಯ ಕಾರಣಕ್ಕೇ.

ಬೇರೆ ದೇಶಕ್ಕೆ ದುಡ್ಡು ಕೊಟ್ಟು ಅಲ್ಲೇ ಇಟ್ಟುಕೊಳ್ಳಿ ಅನ್ನುವುದು ಸರಿಯೇ?

2016ರ ಮಾರ್ಚ್‌ನಲ್ಲಿ ಟರ್ಕಿ ಜೊತೆ ಮಾಡಿಕೊಂಡದ್ದು ಅಂಥದ್ದೇ. ಒಟ್ಟು 6 ಬಿಲಿಯನ್ ಯೂರೋ. ಗ್ರೀಸಿಗೆ ಬರುವವರ ಸಂಖ್ಯೆ ಕೂಡಲೇ ಇಳಿಯಿತು. ಜೊತೆಗೆ, ಯುರೋಪಿನ ಮೇಲೆ ಸಿಟ್ಟು ಬಂದಾಗಲೆಲ್ಲ ‘ಗೇಟು ತೆಗೆಯುತ್ತೇನೆ’ ಅನ್ನುವ ಅಸ್ತ್ರವೂ ಟರ್ಕಿಗೆ ಸಿಕ್ಕಿತು.

ಇಟಲಿಯ ಜಾರ್ಜಿಯಾ ಮೆಲೋನಿ ಸರ್ಕಾರ ಅಲ್ಬೇನಿಯಾದಲ್ಲಿ ಕೇಂದ್ರ ಕಟ್ಟಿಸಿತು. 2024ರ ಅಕ್ಟೋಬರ್‌ನಲ್ಲಿ ನೌಕಾಪಡೆಯ ಹಡಗಿನಲ್ಲಿ ಮೊದಲು ಕರೆದೊಯ್ದದ್ದು 16 ಜನರನ್ನು, ಅವರಲ್ಲಿ 10 ಮಂದಿ ಬಾಂಗ್ಲಾದೇಶದವರು, 6 ಮಂದಿ ಈಜಿಪ್ಟಿನವರು. ರೋಮ್‌ನ ನ್ಯಾಯಾಲಯ ಬಂಧನಕ್ಕೆ ಒಪ್ಪದೆ ಕೆಲವೇ ದಿನದಲ್ಲಿ ಅವರೆಲ್ಲ ಇಟಲಿಗೆ ಬಂದರು. ಜಗತ್ತಿನ ನಿರಾಶ್ರಿತರಲ್ಲಿ ಹೆಚ್ಚಿನವರು ಈಗಲೇ ಟರ್ಕಿ, ಇರಾನ್, ಉಗಾಂಡ, ಲೆಬನಾನ್‌ನಂಥ ದೇಶಗಳಲ್ಲಿ ಇದ್ದಾರೆ. ಅವರಿಗೆ ಇನ್ನಷ್ಟು ಹೊರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಭಾರತೀಯರಿಗೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಸರ್ಬಿಯಾಕ್ಕೆ ಭಾರತೀಯರು ವೀಸಾ ಇಲ್ಲದೆ ಹೋಗಬಹುದಿತ್ತು. 2022ರಲ್ಲಿ ಸಾವಿರಾರು ಮಂದಿ ಹಾಗೆ ಹೋಗಿ, ಅಲ್ಲಿಂದ ಗಡಿ ದಾಟಿ ಆಸ್ಟ್ರಿಯಾದಲ್ಲಿ ಆಶ್ರಯದ ಅರ್ಜಿ ಹಾಕಿದರು. ಯುರೋಪಿಯನ್ ಯೂನಿಯನ್ ಒತ್ತಡ ಹಾಕಿತು, 2023ರ ಜನವರಿಯಿಂದ ಸರ್ಬಿಯಾ ಆ ಸೌಲಭ್ಯ ನಿಲ್ಲಿಸಿತು. 2025ರ ಏಪ್ರಿಲ್‌ನಲ್ಲಿ ಕಮಿಷನ್ ಇಟ್ಟ ‘ಸುರಕ್ಷಿತ ದೇಶಗಳ’ ಪಟ್ಟಿಯ ಪ್ರಸ್ತಾವದಲ್ಲಿ ಬಾಂಗ್ಲಾದೇಶ, ಈಜಿಪ್ಟ್, ಮೊರಾಕೊ ಜೊತೆ ಭಾರತದ ಹೆಸರೂ ಇದೆ. ಪಟ್ಟಿಯಲ್ಲಿರುವ ದೇಶದವರ ಅರ್ಜಿ ಬೇಗ ಬೇಗ ಇತ್ಯರ್ಥವಾಗುತ್ತದೆ, ತನಗೆ ನಿಜವಾಗಿ ಅಪಾಯ ಇದೆ ಅಂತ ತೋರಿಸುವುದು ಇನ್ನೂ ಕಷ್ಟವಾಗುತ್ತದೆ. ಏಜೆಂಟರ ಮಾತು ನಂಬಿ ಲಕ್ಷಗಟ್ಟಲೆ ಸುರಿಯುವವರು ಇದನ್ನು ತಿಳಿದುಕೊಳ್ಳಬೇಕು.

ನಮ್ಮಲ್ಲಿ ಇಂಥ ಹಂಚಿಕೆ ಎಂದಾದರೂ ನಡೆದಿದೆಯೇ?

ನಡೆದಿದೆ. 1959ರ ನಂತರ ಟಿಬೆಟಿನಿಂದ ಬಂದವರಿಗೆ ಜಾಗ ಕೊಡಿ ಅಂತ ನೆಹರೂ ರಾಜ್ಯಗಳನ್ನು ಕೇಳಿದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಹಿಮದ ನಾಡಿನವರು ಆನೆಗಳ ಕಾಡು ಕಡಿದು, ಬಿಸಿಲಿಗೆ ಹೊಂದಿಕೊಂಡು ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ವಸತಿಗಳಾದವು. ಭಾರತ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ ಎಲ್ಲಾ ಗುಂಪಿಗೂ ನಾವು ಹೀಗೇ ನಡೆದುಕೊಂಡಿದ್ದೇವೆ ಅಂತ ಹೇಳಲಾರೆ. ಆದರೆ ಬೈಲಕುಪ್ಪೆಯಲ್ಲಿ ಹೊಣೆ ಬಿದ್ದದ್ದು ಗಡಿಗೆ ಹತ್ತಿರ ಇದ್ದ ರಾಜ್ಯದ ಮೇಲೆ ಅಲ್ಲ, ಜಾಗ ಇದ್ದ ರಾಜ್ಯದ ಮೇಲೆ. ಡಬ್ಲಿನ್ ನಿಯಮಕ್ಕೆ ಇದು ಪೂರಾ ತಿರುಗುಮುರುಗು.

ಹಾಗಾದರೆ ನಿಮ್ಮ ಪ್ರಕಾರ ಏನು ಮಾಡಬೇಕು?

ಮೊದಲು ಕಾಲಿಟ್ಟ ದೇಶದ ನಿಯಮ ಹೋಗಬೇಕು. ಕುಟುಂಬ, ಭಾಷೆ, ಕೆಲಸದ ನಂಟು ಇರುವ ಕಡೆ ಅರ್ಜಿ ಹಾಕಲು ಬಿಡಬೇಕು, ಖರ್ಚನ್ನು ಎಲ್ಲರೂ ಸೇರಿ ಭರಿಸಬೇಕು. ಅರ್ಜಿ ಬೇಗ ಇತ್ಯರ್ಥವಾಗಲಿ, ಆದರೆ ವಕೀಲರು ಮೊದಲ ದಿನದಿಂದ ಜೊತೆಗಿರಲಿ. ತಿರಸ್ಕಾರವಾದವರನ್ನು ಗೌರವದಿಂದ ವಾಪಸ್ ಕಳಿಸುವುದೂ ನೀತಿಯ ಭಾಗವೇ. ಸಮುದ್ರದಲ್ಲಿ ಮುಳುಗುವವರನ್ನು ಎತ್ತುವುದು ಮಾತ್ರ ಚರ್ಚೆಯ ವಿಷಯವೇ ಅಲ್ಲ.

ನಾನು ಜರ್ಮನಿಯಲ್ಲಿ ಓದುತ್ತಿದ್ದೇನೆ. ನನಗೇನಾದರೂ ತೊಂದರೆಯೇ?

ಓದಿನ ಅಥವಾ ಕೆಲಸದ ಪರವಾನಗಿಗೂ ಆಶ್ರಯದ ಕಾನೂನಿಗೂ ಸಂಬಂಧ ಇಲ್ಲ. ಆದರೆ ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲಾ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಸಾಲ್ಜ್‌ಬರ್ಗ್‌ನಿಂದ ಮ್ಯೂನಿಕ್‌ಗೆ ರೈಲಿನಲ್ಲಿ ಬರುವಾಗ ಪೊಲೀಸರು ಹತ್ತಿ ಕೇಳಬಹುದು. ಫೋನಿನಲ್ಲಿರುವ ಫೋಟೋ ಸಾಲದು. ಒಂದು ದಿನದ ಸುತ್ತಾಟವಾದರೂ ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಎರಡನ್ನೂ ಜೊತೆಗೆ ಇಟ್ಟುಕೊಳ್ಳಿ.